ಕಾಯಿಲೆ ಬಂದ ಮೇಲೆ ವಿಮೆ ಕೊಳ್ಳಬಹುದೇ?

ಊರಿನಿಂದ ಅಪ್ಪ-ಅಮ್ಮ ಬರುತ್ತಾರೆಂದರೆ ಡುವಾಲಿನ ನಮ್ಮ ಮನೆಯಲ್ಲಿ ಮೊದಲು ಟಿಕೆಟ್ ಬುಕ್ಕಾಗುತ್ತದೆ. ಆಮೇಲೆ ಸಾರಿನಪುಡಿ, ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿಯ ಪಟ್ಟಿ ಹೋಗುತ್ತದೆ. ವಿಮೆಯ ನೆನಪಾಗುವುದು ಕಡೆಗೆ. ಒಂದು ವರ್ಷ ಹೀಗೆಯೇ ಆತುರದಲ್ಲಿ ಅಗ್ಗದ ಪಾಲಿಸಿಯೊಂದನ್ನು ಕೊಂಡೆವು. ಬಂದ ಮೂರನೆಯ ವಾರ ಅಪ್ಪನಿಗೆ ಎದೆನೋವು ಕಾಣಿಸಿತು. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು, ದೇವರ ದಯೆ, ಗುಣವಾಗಿ ಬಂದರು. ಆದರೆ ಅವರಿಗೆ ಹತ್ತು ವರ್ಷದಿಂದ ಬಿ.ಪಿ. ಇದೆಯೆಂಬ ಕಾರಣ ಕೊಟ್ಟು ವಿಮಾ ಕಂಪನಿ ಹಣ ಕೊಡಲಿಲ್ಲ. ಬಿಲ್ಲನ್ನು ಕಂತಿನಲ್ಲಿ ತೀರಿಸಿದೆವು. "ನಾನು ಬರಲೇಬಾರದಿತ್ತು ಕಣೋ" ಎಂದು ಅಪ್ಪ ಅಂದದ್ದು ಮಾತ್ರ ಇನ್ನೂ ಮನಸ್ಸಿನಲ್ಲಿದೆ.

ಕಾಯಿಲೆ ಇರುವವರಿಗೇ ತಾನೆ ವಿಮೆ ಬೇಕಾದದ್ದು? ಅವರಿಗೇ ಇಲ್ಲವೆಂದರೆ ಇದೆಂಥ ನ್ಯಾಯ? ನಾವು ಸಾಫ್ಟ್‌ವೇರ್ ಬರೆಯುವವರು, ಅರ್ಥಶಾಸ್ತ್ರ ಓದಿದವರಲ್ಲ. ಆದರೂ ಸಿಟ್ಟಿನಿಂದಲೇ ಓದಲು ಕೂತೆವು. ಕೆನೆತ್ ಆರೋ 1963ರಲ್ಲಿ, ಜಾರ್ಜ್ ಅಕರ್‌ಲಾಫ್ 1970ರಲ್ಲಿ ಇದನ್ನೇ ಕುರಿತು ಬರೆದಿದ್ದಾರೆ. ಇಬ್ಬರಿಗೂ ನೊಬೆಲ್ ಬಂದಿದೆ. ಅಕರ್‌ಲಾಫ್ ಅವರ ಲೇಖನ ಹಳೆಯ ಕಾರುಗಳ ವ್ಯಾಪಾರದ ಬಗ್ಗೆ, ಆದರೆ ಅದರ ನಡುವೆ 65 ದಾಟಿದವರಿಗೆ ವಿಮೆ ಸಿಗುವುದು ಏಕೆ ಕಷ್ಟವೆಂಬ ಮಾತೂ ಇದೆ.

ಅದರ ತಿರುಳನ್ನು ಒಂದು ಲೆಕ್ಕದಲ್ಲಿ ಹೇಳಬಹುದು. ನಮ್ಮ ಸಂಘದ ನೂರು ಕುಟುಂಬಗಳು ಸೇರಿ ಒಂದು ನಿಧಿ ಮಾಡಿದೆವು ಎಂದುಕೊಳ್ಳಿ. ವರ್ಷಕ್ಕೆ ಐದು ಮನೆಗಳಲ್ಲಿ ತಲಾ 10,000 ಡಾಲರ್ ಖರ್ಚು ಬಂದರೆ ಒಟ್ಟು 50,000. ತಲಾ 500 ಡಾಲರ್ ಹಾಕಿದರೆ ಸಾಕು. ಈಗ ಗಟ್ಟಿಮುಟ್ಟಾದ ಅರವತ್ತು ಮನೆಯವರು "ನಮಗೇಕೆ? ಕಾಯಿಲೆ ಬಂದಾಗ ಸೇರಿದರಾಯಿತು" ಎಂದು ಹೊರಗುಳಿದರೆ? ಖರ್ಚು ಅಷ್ಟೇ, ಹಂಚಿಕೊಳ್ಳುವವರು ನಲವತ್ತು ಮನೆಯವರು, ತಲಾ 1,250. ಆಗ ಅವರಲ್ಲೂ ಸ್ವಲ್ಪ ಚೆನ್ನಾಗಿರುವವರು ಬಿಡುತ್ತಾರೆ. ದರ ಇನ್ನೂ ಏರುತ್ತದೆ. ಕೊನೆಗೆ ರೋಗಿಗಳಷ್ಟೇ ಉಳಿದು ನಿಧಿಯೇ ಮುಳುಗುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ, ನಮ್ಮ ವಾಷಿಂಗ್ಟನ್ ರಾಜ್ಯದಲ್ಲೇ ನಡೆದದ್ದು. ಕಾಯಿಲೆ ಇದೆಯೆಂದು ಯಾರಿಗೂ ವಿಮೆ ನಿರಾಕರಿಸಬಾರದು, ಹಾಗೆಯೇ ಮುಂದೆ ಎಲ್ಲರೂ ವಿಮೆ ಹೊಂದಲೇಬೇಕು ಎಂದು 1993ರಲ್ಲಿ ಕಾನೂನಾಯಿತು. 1995ರಲ್ಲಿ ಎರಡನೆಯ ಮಾತನ್ನು ತೆಗೆದುಹಾಕಿ ಮೊದಲನೆಯದನ್ನು ಉಳಿಸಿಕೊಂಡರು. ಮೊದಲೇ ಇದ್ದ ಕಾಯಿಲೆಗೂ ಮೂರು ತಿಂಗಳು ಕಾದರೆ ಸಾಕಿತ್ತು. ಜನ ಅಗತ್ಯ ಬಿದ್ದಾಗ ಸೇರಿ, ಗುಣವಾದ ಮೇಲೆ ಬಿಡತೊಡಗಿದರು. ಕಂಪನಿಗಳು ನಷ್ಟವೆಂದು ಒಂದೊಂದಾಗಿ ಹಿಂದೆ ಸರಿದವು. 1999ರ ಹೊತ್ತಿಗೆ ಬಹುತೇಕ ಕೌಂಟಿಗಳಲ್ಲಿ ವ್ಯಕ್ತಿಯೊಬ್ಬ ಸ್ವಂತವಾಗಿ ಹೊಸ ಪಾಲಿಸಿ ಕೊಳ್ಳುವುದೇ ಸಾಧ್ಯವಿರಲಿಲ್ಲ. ಕೆಲಸದ ಮೂಲಕ ವಿಮೆ ಇದ್ದವರಿಗೆ ಬಿಸಿ ತಟ್ಟಲಿಲ್ಲ. ಪೆಟ್ಟು ಬಿದ್ದದ್ದು ಸ್ವಂತ ದುಡಿಮೆಯವರಿಗೆ. 2000ದಲ್ಲಿ ಮತ್ತೆ ಕಾನೂನು ತಿದ್ದಬೇಕಾಯಿತು. ಒಳ್ಳೆಯ ಉದ್ದೇಶದ ಕಾನೂನನ್ನು ಅರ್ಧಕ್ಕೆ ಕತ್ತರಿಸಿದರೆ ಹೀಗೇ ಆಗುವುದು.

ಇದೇ ಗಂಟನ್ನು ಕರ್ನಾಟಕದ ರೈತರು ಬೇರೆ ರೀತಿಯಲ್ಲಿ ಬಿಡಿಸಿದರು. ಡಾ. ದೇವಿ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಒತ್ತಾಸೆಯಿಂದ 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಆರಂಭವಾಯಿತು. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸರ್ಕಾರದ ನೆರವೂ ಇತ್ತು. ಹೃದಯದ ಆಪರೇಷನ್ ಕೂಡ ಅದರಲ್ಲಿ ಸೇರಿತ್ತು, ಹಳೆಯ ಕಾಯಿಲೆಗೂ ಅಡ್ಡಿಯಿರಲಿಲ್ಲ! ಗುಟ್ಟು ಇಷ್ಟೇ: ಸಹಕಾರ ಸಂಘದ ಸದಸ್ಯರಿಗೆ ಮಾತ್ರ ಪ್ರವೇಶ. ಹಾಲಿನ ಡೈರಿಗೆ, ಬೆಳೆಸಾಲದ ಸೊಸೈಟಿಗೆ ಸೇರಿದವರು ಕಾಯಿಲೆಗೆಂದು ಸೇರಿದವರಲ್ಲ. ಅವರಲ್ಲಿ ಆರೋಗ್ಯವಂತರೇ ಬಹಳ. ಮೊದಲ ವರ್ಷ ಸುಮಾರು 16 ಲಕ್ಷ ಜನ, ಮರುವರ್ಷ ಸುಮಾರು 20 ಲಕ್ಷ. ಮೂರನೆಯ ವರ್ಷ ಕಂತು 120 ರೂಪಾಯಿಯಾದಾಗ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಬಿಟ್ಟವರಲ್ಲಿ ಗಟ್ಟಿಮುಟ್ಟಾದವರೇ ಹೆಚ್ಚಿರಬೇಕೆಂದು ನಮ್ಮ ಊಹೆ. ಕೈಯಲ್ಲಿ ಕಾಸಿಲ್ಲದೆ ಬಿಟ್ಟವರೂ ಇದ್ದಾರು. ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾಗಿ, 2022ರಲ್ಲಿ ಮತ್ತೆ ಪ್ರತ್ಯೇಕವಾಗಿ ಶುರುವಾಯಿತು.

ಇನ್ನು ನಮ್ಮ ಮನೆಗಳ ಮಾತು. ಗ್ರೀನ್ ಕಾರ್ಡ್ ಪಡೆದು ಬಂದ ತಂದೆತಾಯಿಗೆ 65 ದಾಟಿದ್ದರೂ, ಇಲ್ಲಿ ದುಡಿದ ದಾಖಲೆ ಇಲ್ಲದಿದ್ದರೆ ಮೆಡಿಕೇರ್ ಸೇರಲು ಐದು ವರ್ಷದ ವಾಸ ಬೇಕು. ಅಲ್ಲಿಯವರೆಗೆ ರಾಜ್ಯದ ವಿಮಾ ಮಾರುಕಟ್ಟೆ ಹೆಲ್ತ್‌ಪ್ಲಾನ್‌ಫೈಂಡರ್‌ನಲ್ಲಿ ಪಾಲಿಸಿ ಕೊಳ್ಳಬಹುದು. 2014ರಿಂದ ಅಲ್ಲಿ ಹಳೆಯ ಕಾಯಿಲೆಯನ್ನು ಕೇಳುವಂತಿಲ್ಲ. ಆದರೆ ಬಂದ 60 ದಿನದೊಳಗೆ ಅರ್ಜಿ ಹಾಕಬೇಕು, ತಪ್ಪಿದರೆ ವರ್ಷದ ನೋಂದಣಿಯ ಕಾಲದವರೆಗೆ ಕಾಯಬೇಕು. ಗಡುವು ಏಕೆಂದು ಈಗ ಓದುಗರಿಗೆ ಹೇಳಬೇಕಿಲ್ಲ.

ಪ್ರವಾಸಿ ವೀಸಾದವರಿಗೆ ಈ ದಾರಿಯಿಲ್ಲ. ಅವರ ಪಾಲಿಸಿ ಕೊಳ್ಳುವಾಗ ದರ ನೋಡುವ ಮೊದಲು ಎರಡು ವಿಷಯ ಓದಿ. ಪ್ರತಿ ಚಿಕಿತ್ಸೆಗೆ ಇಷ್ಟೇ ಡಾಲರ್ ಎಂಬ ನಿಗದಿಯ ಪಾಲಿಸಿಯೇ ಅದು? ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಹಣ ಕೊಡುತ್ತಾರೆಯೇ, ಯಾವ ವಯಸ್ಸಿನವರೆಗೆ, ಎಷ್ಟು? ಕಳೆದ ಸಲ ಅಪ್ಪ ಬರುವ ಮೊದಲು ಆ ಪುಟಗಳನ್ನು ನಾವಿಬ್ಬರೂ ಕೂತು ಪೂರ್ತಿ ಓದಿದೆವು. ಉಪ್ಪಿನಕಾಯಿಯ ಪಟ್ಟಿ ಆಮೇಲೆ ಹೋಯಿತು.