ವೈಫೈ ರೂಟರ್‌ಗೆ ಯಾವ ಸುಂಕ ಸಂಕೇತ?

ಬೆಳಗಾವಿಯ ಅಂಗಡಿಯಲ್ಲಿ ಕೊಂಡ ರೂಟರ್‌ನ ಜಿಎಸ್‌ಟಿ ಬಿಲ್ಲಿನಲ್ಲಿ ಕಾಣುವ 8517, ಆಮದು ಸುಂಕದ ಶೀರ್ಷಿಕೆಯೂ ಹೌದು. ಆಧಾರ: 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಮೊದಲ ಅನುಸೂಚಿ. ಪೂರ್ಣ ಸಂಕೇತದ ಎಂಟು ಅಂಕಿಗಳಲ್ಲಿ ಮೊದಲ ಆರನ್ನು ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆ ನಿಗದಿಪಡಿಸುತ್ತದೆ. ಕೊನೆಯ ಎರಡು ಭಾರತದವು.

ಖಾನಾಪುರದ ಕಾಡಂಚಿಗೆ ಸಂಪರ್ಕ ಒಯ್ಯುವ ಸಾಮಗ್ರಿಗಳನ್ನೇ ನೋಡಿ. ಟವರಿನ ಬೇಸ್ ಸ್ಟೇಷನ್ 8517 61. ರೂಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್ 8517 62. ಬಿಡಿ ಆಂಟೆನಾ 2022ರಿಂದ 8517 71. ಈ ವ್ಯತ್ಯಾಸವನ್ನು ಚೆನ್ನಾಗಿ ಮನನ ಮಾಡಿಕೊಳ್ಳಿ.

ಇನ್ನು ಸುಂಕದ ಮಾತು: ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿದ್ದು 1997ರಲ್ಲಿ. ಅದರ ವ್ಯಾಪ್ತಿಯ ಸರಕುಗಳಿಗೆ ಆಮದು ಸುಂಕವಿಲ್ಲ. ಆದರೆ ಎಂಐಎಂಒ (ಹಲವು ಆಂಟೆನಾ ಬಳಸುವ ತಂತ್ರ), ಎಲ್‌ಟಿಇ (4ಜಿ) ಉತ್ಪನ್ನಗಳನ್ನು ಭಾರತ ವಿನಾಯಿತಿಯಿಂದ ಹೊರಗಿಟ್ಟಿತು. ಐರೋಪ್ಯ ಒಕ್ಕೂಟ, ಜಪಾನ್, ತೈವಾನ್ ದೂರುಗಳ ಮೇಲೆ 2023ರ ಏಪ್ರಿಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ, ಕೆಲವು ಸುಂಕಗಳು ಭಾರತ ಒಪ್ಪಿದ ಮಿತಿಯನ್ನು ಮೀರಿವೆ ಎಂದಿತು.