ಎಣ್ಣೆಯಿದ್ದರೂ ಕುಳಿಬೀಳುವ ಬೇರಿಂಗು ಮತ್ತು ಹಲ್ಲುಚಕ್ರ

ಕಾಣಿಯೂರಿನ ಸುತ್ತಲಿನ ಅಡಿಕೆ ತೋಟಗಳಿಗೆ ಮಾರ್ಚಿಯಿಂದ ಮೇ ತಿಂಗಳವರೆಗೆ ಮೂರರಿಂದ ಐದು ದಿನಗಳಿಗೊಮ್ಮೆ ಮರವೊಂದಕ್ಕೆ ಸುಮಾರು 175 ಲೀಟರು ನೀರು ಬೇಕು. ಈ ಕಾಲದಲ್ಲಿ ಪಂಪು ನಿಂತಲ್ಲಿ ನಷ್ಟವು ಆ ವರ್ಷದ ಫಸಲಿಗೆ ಮಾತ್ರ ಸೀಮಿತವಾಗದು. ನೀರಿಲ್ಲದೆ ಸೊರಗಿದ ಮರವು ಮೊದಲಿನ ಸ್ಥಿತಿಗೆ ಬರಲು ಎರಡು ಮೂರು ವರ್ಷಗಳು ಹಿಡಿಯುತ್ತವೆ. ಪಂಪು ನಿಲ್ಲುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬೇರಿಂಗಿನ ಕೇಡು ಮುಂಚಿತವಾಗಿ ಸೂಚನೆ ಕೊಡುವಂಥದಾದುದರಿಂದ ಅದರ ರೀತಿಯನ್ನು ಜಮೀನುದಾರರು ತಿಳಿದಿರತಕ್ಕದ್ದು.

ಗ್ರೀಸು ಇದ್ದಮೇಲೆ ಬೇರಿಂಗು ಕೆಡಲಾರದೆಂದು ಅನೇಕರು ಭಾವಿಸುವುದುಂಟು. ಇದು ಅರ್ಧ ಸತ್ಯ. ಗ್ರೀಸು ಉಕ್ಕನ್ನು ಉಕ್ಕು ಉಜ್ಜದಂತೆ ತಡೆಯುತ್ತದೆಯೇ ಹೊರತು ಭಾರವನ್ನು ತಡೆಯುವುದಿಲ್ಲ. ಉರುಳುವ ಗುಂಡು ಎಳ್ಳುಕಾಳಿಗಿಂತ ಕಿರಿದಾದ ಸ್ಥಳದಲ್ಲಿ ಭಾರವನ್ನು ಹೊರುತ್ತದೆ. ನಡುವಿನ ಎಣ್ಣೆಯ ಪೊರೆಯೋ ತಲೆಗೂದಲಿನ ನೂರನೆಯ ಒಂದು ಪಾಲಿನಷ್ಟು ದಪ್ಪವೂ ಅನೇಕ ವೇಳೆ ಇರುವುದಿಲ್ಲ. ನಿಮಿಷಕ್ಕೆ 2880 ಸುತ್ತು ತಿರುಗುವ ಮೋಟಾರು ದಿನಕ್ಕೆ ಆರು ಗಂಟೆ ನಡೆದರೆ 10 ಲಕ್ಷಕ್ಕೂ ಮೇಲೆ, 120 ದಿನಗಳಲ್ಲಿ 12 ಕೋಟಿಗೂ ಮೇಲೆ ಸುತ್ತುಗಳಾಗುತ್ತವೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ, ಇಷ್ಟು ಬಾರಿ ಒತ್ತಿಸಿಕೊಂಡ ಉಕ್ಕು ದಣಿಯುತ್ತದೆ. ಮೇಲ್ಮೈಗಿಂತ ತುಸು ಕೆಳಗೆ, ಕಣ್ಣಿಗೆ ಕಾಣದಲ್ಲಿ, ಕೂದಲೆಳೆಯ ಬಿರುಕು ಹುಟ್ಟಿ ಮೇಲಕ್ಕೆ ಬರುತ್ತದೆ. ಚಕ್ಕೆ ಎದ್ದು ಕುಳಿ ಬೀಳುತ್ತದೆ. ಉದುರಿದ ಚಕ್ಕೆಯು ಗ್ರೀಸಿನಲ್ಲಿ ಸೇರಿ ಉಳಿದ ಗುಂಡುಗಳನ್ನೂ ಕೆಡಿಸುತ್ತದೆ.

ಪವರ್ ಟಿಲ್ಲರಿನ ಹಲ್ಲುಚಕ್ರಗಳಿಗೂ ಇದೇ ರೋಗ. ಅಲ್ಲಿ ಕುಳಿಗಳು ಸಾಮಾನ್ಯವಾಗಿ ಹಲ್ಲಿನ ನಡುವಿಗಿಂತ ಸ್ವಲ್ಪ ಬುಡದ ಕಡೆಗೆ ಕಾಣುತ್ತವೆ. ಬಿರುಕಿನೊಳಗೆ ಹೊಕ್ಕ ಎಣ್ಣೆಯೇ ಒತ್ತಡದಿಂದ ಅದನ್ನು ಸೀಳುವುದೆಂದು ಅಮೆರಿಕದ ಸ್ಟೂವರ್ಟ್ ವೇ ಎಂಬವರು 1935ನೆಯ ಇಸವಿಯಲ್ಲಿ ಪ್ರಯೋಗದಿಂದ ಪ್ರತಿಪಾದಿಸಿದರು. ಹೊಸ ಚಕ್ರದಲ್ಲಿ ಕಾಣುವ ಕೆಲವು ಸಣ್ಣ ಕುಳಿಗಳು ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡ ಮೇಲೆ ನಿಂತುಹೋಗುವುದುಂಟು. ಅಷ್ಟಕ್ಕೇ ಚಕ್ರವನ್ನು ಬದಲಿಸುವುದು ದುಂದು. ವರ್ಷದಿಂದ ವರ್ಷಕ್ಕೆ ಹೆಚ್ಚಿದರೆ ಮಾತ್ರ ಭಯಪಡಬೇಕು.

ಭಾರದ ವಿಷಯವು ಮುಖ್ಯವಾದುದು. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಲೆಕ್ಕದ ಮೇರೆಗೆ, ಗುಂಡಿನ ಬೇರಿಂಗಿನ ಮೇಲಣ ಭಾರವು ಎರಡರಷ್ಟಾದರೆ ಆಯುಸ್ಸು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಡಿಕೆ ಸುಲಿಯುವ ಯಂತ್ರದ ಬೆಲ್ಟನ್ನು ಜಾರದಿರಲೆಂದು ವೀಣೆಯ ತಂತಿಯಂತೆ ಬಿಗಿಯುವವರು ಇದನ್ನು ಮನಗಾಣಬೇಕು.

ಈ ಸೀಮೆಯಲ್ಲಿ ಭಾರಕ್ಕಿಂತಲೂ ನೀರು ದೊಡ್ಡ ಶತ್ರು. ಎಣ್ಣೆಯ 10,000 ಪಾಲಿಗೆ ಒಂದು ಪಾಲಿದ್ದ ನೀರು ನಾಲ್ಕು ಪಾಲಾದರೆ ಬೇರಿಂಗಿನ ಆಯುಸ್ಸು ಅರ್ಧಕ್ಕಿಂತಲೂ ಕುಗ್ಗುವುದೆಂದು 1977ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಕೆಸರುಗದ್ದೆಯಿಂದ ಬಂದ ಟಿಲ್ಲರಿನ ಗೇರೆಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ತಿಳಿದು, ಸೀಲನ್ನು ನೋಡಿಸಿ, ಎಣ್ಣೆಯನ್ನು ಪೂರ್ತಿಯಾಗಿ ಬದಲಿಸತಕ್ಕದ್ದು. ಪಂಪಿನ ಕಥೆಯು ಬೇರೆ: ಅದು ಕೆಡಲಾರಂಭಿಸುವುದು ದುಡಿಯುವಾಗಲ್ಲ, ಮಳೆಗಾಲದಲ್ಲಿ ಸುಮ್ಮನಿರುವಾಗ. ತಿಂಗಳುಗಟ್ಟಲೆ ಒಂದೇ ಸ್ಥಳದಲ್ಲಿ ನಿಂತ ಗುಂಡುಗಳ ಅಡಿಯಲ್ಲಿ ತೇವ ಕೂತು, ಗುಂಡುಗಳಿಗಿರುವ ಅಂತರದಲ್ಲಿಯೇ ತುಕ್ಕಿನ ಗುರುತುಗಳು ಮೂಡುತ್ತವೆ. ಬೇಸಗೆಯಲ್ಲಿ ಬಿರುಕು ಹುಟ್ಟುವುದು ಆ ಗುರುತುಗಳಿಂದ. ಆದುದರಿಂದ ಪಂಪಿನ ಕೊಟ್ಟಿಗೆಯು ಸೋರದಂತೆ ನೋಡಿಕೊಂಡು, ವಿದ್ಯುತ್ತಿನ ಸಂಪರ್ಕವನ್ನು ಪೂರ್ಣವಾಗಿ ತಪ್ಪಿಸಿದ ಮೇಲೆ, ವಾರಕ್ಕೊಮ್ಮೆ ಕೈಯಿಂದ ಶಾಫ್ಟನ್ನು ಹತ್ತಾರು ಸುತ್ತು ತಿರುಗಿಸಿ ಬೇರೆ ಸ್ಥಾನದಲ್ಲಿ ನಿಲ್ಲಿಸತಕ್ಕದ್ದು.

ಓಡುವ ಪಂಪಿನಲ್ಲಿ ಗರಗರ ಸದ್ದು ಹುಟ್ಟಿದರೆ ಗ್ರೀಸನ್ನು ತುಂಬಿ ಸದ್ದಡಗಿಸುವುದು ವಾಡಿಕೆ. ಸದ್ದು ಅಡಗಬಹುದು; ಕುಳಿ ಮುಚ್ಚದು. ಹೊರೆ ಗ್ರೀಸಿನಿಂದ ಬೇರಿಂಗು ಕಾಯುವುದು ಬೇರೆ. ಒಳಗಿನ ಖಾಲಿ ಜಾಗದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಗ್ರೀಸು ಸಾಕು. ಅಂಥ ಬೇರಿಂಗನ್ನು ಮಾಘದೊಳಗೆ ಬದಲಿಸುವುದು ಲೇಸು. ಉರಿಬಿಸಿಲಿನಲ್ಲಿ ಮಿಸ್ತ್ರಿಯೂ ಸುಲಭವಾಗಿ ಸಿಕ್ಕುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆಯದರ ಉಂಗುರದ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಹೊಸದನ್ನು ಶಾಫ್ಟಿಗೆ ಏರಿಸುವಾಗ ಹೊರ ಉಂಗುರಕ್ಕೆ ಸುತ್ತಿಗೆಯ ಪೆಟ್ಟು ಬೀಳಕೂಡದು. ಒಳ ಉಂಗುರಕ್ಕೆ ಕೊಳವೆಯಿಟ್ಟು ಸಮನಾಗಿ ಒತ್ತತಕ್ಕದ್ದು.