ಹನೋಯಿಗೆ ಹೊರಟವಳಿಗೆ

ಪುಟ್ಟಿ, ಗೆಳತಿಯ ಜೊತೆ ವಿಯೆಟ್ನಾಂಗೆ ಹೊರಟಿದ್ದೀಯಂತೆ, ಹನೋಯಿಗೆ ಸಿಗುವುದು ಒಂದೇ ದಿನವಂತೆ. ನಿನ್ನಮ್ಮ ಹೇಳಿದಳು. ಕೇಳಿದಾಗಿನಿಂದ ನನ್ನದೇ ಒಂದು ದಿನ ನೆನಪಾಗುತ್ತಿದೆ. ನಾನೂ ನನ್ನ ಗೆಳತಿಯೂ ಟೀಚರ್ ಕೆಲಸದಿಂದ ನಿವೃತ್ತರಾದ ವರ್ಷ ಅದೇ ಊರಲ್ಲಿ ಒಂದು ದಿನ ಸುತ್ತಿದ್ದೆವು. ನನ್ನ ಪರ್ಸಿನಲ್ಲಿ ಒಂಬತ್ತು ಜಾಗಗಳ ಪಟ್ಟಿ ಇತ್ತು. ಅವಳ ಮನಸ್ಸಿನಲ್ಲಿ ಒಂದೇ ಜಾಗ ಇತ್ತು. ಅದು ಯಾವುದು ಅಂತ ನಾನು ಕೇಳಿರಲೇ ಇಲ್ಲ.

ಆ ಜಾಗ ವಾನ್ ಮಿಯೆವ್, ಅಂದರೆ ಸಾಹಿತ್ಯ ಮಂದಿರ. 1070ರಲ್ಲಿ ಲೀ ವಂಶದ ದೊರೆ ಕನ್ಫ್ಯೂಷಿಯಸ್‌ಗಾಗಿ ಕಟ್ಟಿಸಿದ್ದು; ಆರು ವರ್ಷ ಕಳೆದು ಅಲ್ಲೇ ರಾಜಪಾಠಶಾಲೆಯೂ ಶುರುವಾಯಿತು. ಒಂದರ ಹಿಂದೊಂದು ಐದು ಅಂಗಳ. ಮೂರನೆಯ ಅಂಗಳದ ಕೊಳದ ಎರಡೂ ಬದಿಗೆ 82 ಶಾಸನಗಳು, ಒಂದೊಂದನ್ನೂ ಒಂದು ಕಲ್ಲಿನ ಆಮೆ ಬೆನ್ನ ಮೇಲೆ ಹೊತ್ತಿದೆ. 1442ರಿಂದ 1779ರವರೆಗಿನ ರಾಜಪರೀಕ್ಷೆಗಳಲ್ಲಿ ಗೆದ್ದವರ ಹೆಸರು, ಊರು ಅವುಗಳ ಮೇಲಿವೆ. ಪರೀಕ್ಷೆಗೆ ಹೋಗುವ ಮಕ್ಕಳು ಒಳ್ಳೆಯದಾಗಲೆಂದು ಸವರಿ ಸವರಿ ಎಷ್ಟೋ ಆಮೆಗಳ ತಲೆ ನುಣ್ಣಗಾಗಿದೆ, ಈಗ ಅಡ್ಡ ಬೇಲಿ ಹಾಕಿದ್ದಾರೆ. ನನ್ನ ಗೆಳತಿ ಮೂವತ್ತೈದು ವರ್ಷ ಹಾಜರಿ ಕೂಗಿದವಳು. ತನಗೆ ಓದಲು ಬಾರದ ಆ ಚೀನೀ ಅಕ್ಷರಗಳ ಮುಂದೆ ನಿಂತು, "ಮಗನ ಹೆಸರು ಎಲ್ಲಿದೆ ಅಂತ ಹುಡುಕಿಕೊಂಡು ಎಷ್ಟು ಜನ ತಾಯಂದಿರು ಬಂದಿರಬೇಕು ಇಲ್ಲಿಗೆ!" ಅಂದಳು. ನಾನು ಗಡಿಯಾರ ನೋಡಿ, "ಸಾಕು ಬಾರೇ, ಇನ್ನೂ ಏಳು ಉಳಿದಿವೆ" ಅಂದೆ. ಅವಳು ಮಾತಿಲ್ಲದೆ ಬಂದಳು. ಮಿಕ್ಕ ಏಳರಲ್ಲಿ ಐದನ್ನು ನೋಡಿದೆವು. ಅವುಗಳಲ್ಲಿ ಮೂರು ಹೇಗಿದ್ದವು ಅಂತ ಇವತ್ತು ಕೇಳಿದರೆ ನನಗೆ ಹೇಳೋಕೆ ಬರುವುದಿಲ್ಲ.

ಹಾಗಾಗಿ ಪಟ್ಟಿ ಚಿಕ್ಕದಿರಲಿ ಕಣೇ. ಬೆಳಗ್ಗೆ ಐದೂವರೆಗೆಲ್ಲ ಹೋವಾನ್ ಕಿಯೆಮ್ ಕೆರೆಯ ಬಳಿ ಇರಿ. ಊರಿನ ಅಜ್ಜ ಅಜ್ಜಿಯರೆಲ್ಲ ಅಲ್ಲಿ ವ್ಯಾಯಾಮಕ್ಕೆ ಸೇರುತ್ತಾರೆ, ಆಗ ಕಾಣುವ ಹನೋಯಿ ಆಮೇಲೆ ಕಾಣುವುದಿಲ್ಲ. ಚೀನಾದ ಮಿಂಗರನ್ನು ಸೋಲಿಸಿದ ಲೆ ಲೊಯ್ ದೊರೆಯ ಕೈಯಿಂದ ಆಮೆಯೊಂದು ದೇವರ ಕತ್ತಿಯನ್ನು ಮರಳಿ ಪಡೆದದ್ದು ಇದೇ ಕೆರೆಯಲ್ಲಿ ಅನ್ನುತ್ತದೆ ಕಥೆ. 'ಮರಳಿಸಿದ ಕತ್ತಿ' ಅಂತಲೇ ಹೆಸರಿನ ಅರ್ಥ. ಕೆಂಪು ಮರದ ಸೇತುವೆ ದಾಟಿದರೆ ದ್ವೀಪದ ಗುಡಿಯಲ್ಲಿ ಈ ಕೆರೆಯದೇ ಭಾರೀ ಆಮೆಯ ದೇಹವನ್ನು ಕಾಪಾಡಿ ಇಟ್ಟಿದ್ದಾರೆ. ಕೊನೆಯದು 2016ರ ಜನವರಿಯಲ್ಲಿ ಸತ್ತಾಗ ಊರೇ ಮರುಗಿತ್ತು. ಹೋ ಚಿ ಮಿನ್ ಸಮಾಧಿ ನೋಡಬೇಕೆಂದಿದ್ದರೆ ಸೋಮವಾರ, ಶುಕ್ರವಾರ ಬಾಗಿಲಿಲ್ಲ, ಉಳಿದ ದಿನವೂ ಬೆಳಗ್ಗೆ ಮಾತ್ರ. ಮೈತುಂಬ ಬಟ್ಟೆ ಇರಲಿ.

ರಸ್ತೆ ದಾಟುವ ವಿಷಯ ಗಮನವಿಟ್ಟು ಕೇಳು. ಅಲ್ಲಿ ಸ್ಕೂಟರ್‌ಗಳ ಪ್ರವಾಹ ನಿಲ್ಲುವುದೇ ಇಲ್ಲ. ಕಾರು, ಬಸ್ಸು ಬಂದರೆ ನಿಂತು ಬಿಡು. ಬರೀ ಸ್ಕೂಟರ್ ಇದ್ದಾಗ ನಿಧಾನವಾಗಿ ಕಾಲಿಟ್ಟು ಒಂದೇ ವೇಗದಲ್ಲಿ ನಡೆ; ಓಡಬೇಡ, ನಡುವೆ ತಡೆಯಬೇಡ, ಹಿಂದೆ ಸರಿಯಲೇಬೇಡ. ನಿನ್ನ ನಡಿಗೆ ನೋಡಿಕೊಂಡು ಅವರೇ ಆಚೀಚೆ ಬಳಸಿ ಹೋಗುತ್ತಾರೆ. ನಾನು ಅವತ್ತು ಸಂಜೆ ಬಿರಬಿರನೆ ದಾಟಿ ತಿರುಗಿ ನೋಡಿದರೆ, ನನ್ನ ಗೆಳತಿ ನಡುರಸ್ತೆಯಲ್ಲಿ ಚೀಲ ಎದೆಗವುಚಿಕೊಂಡು ನಿಂತಿದ್ದಳು. ಮಂಡಿ ನೋವಿನವಳು. ವಾಪಸ್ ಹೋಗಿ ಕೈ ಹಿಡಿದೆ. ಬೆರಳೆಲ್ಲ ತಣ್ಣಗಾಗಿದ್ದವು. ನೀವಿಬ್ಬರೂ ಭುಜಕ್ಕೆ ಭುಜ ಕೊಟ್ಟೇ ದಾಟಿ.

ಊಟಕ್ಕೆ 'ಆನ್ ಚೈ' ಅನ್ನು, ಸಸ್ಯಾಹಾರ ಅಂತ. ಬರೀ ತರಕಾರಿ ಅಂದರೆ ಸಾಲದು, ಮೀನಿನ ಸಾಸ್ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ಚಾಂದ್ರಮಾನದ ಮೊದಲ ದಿನ, ಹದಿನೈದನೆಯ ದಿನ ಅಲ್ಲಿನವರೇ ಅನೇಕರು ಮಾಂಸ ಬಿಡುವುದರಿಂದ ಆ ಮಾತು ಎಲ್ಲರಿಗೂ ಗೊತ್ತು. ದುಡ್ಡು ಕೊಡುವಾಗ ಎಚ್ಚರ: ಇಪ್ಪತ್ತು ಸಾವಿರದ ಡಾಂಗ್ ನೋಟೂ ನೀಲಿ, ಐದು ಲಕ್ಷದ್ದೂ ನೀಲಿ. ಬೇರೆ ಬೇರೆ ಖಾನೆಯಲ್ಲಿಡು. ಕಾವಡಿಯಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸಿಗೆ ನಾನು ದೊಡ್ಡದನ್ನೇ ಕೊಟ್ಟುಬಿಟ್ಟಿದ್ದೆ. ಆಕೆ ತಲೆಯಾಡಿಸಿ ನನ್ನ ಪರ್ಸಿನಿಂದ ತಾನೇ ಸರಿಯಾದ ನೋಟು ಎಳೆದು ತೋರಿಸಿ, ಆಮೇಲೆ ತೆಗೆದುಕೊಂಡಳು.

ಹಳೇ ಪೇಟೆಗೆ ಸಂಜೆ ಹೋಗಿ. ನಮ್ಮ ಅಕ್ಕಿಪೇಟೆ, ಬಳೇಪೇಟೆಯ ಹಾಗೆ ಬೀದಿಗೆ ಸರಕಿನ ಹೆಸರು: ಹಾಂಗ್ ಬಾಕ್ ಅಂದರೆ ಬೆಳ್ಳಿ ಬೀದಿ. ಅಲ್ಲಿ ಏನನ್ನೂ ಹುಡುಕಬೇಡಿ, ಪುಟ್ಟ ಸ್ಟೂಲಿನ ಮೇಲೆ ಕೂತು ಕಾಫಿ ಹೇಳಿ. 1946ರ ಹೊತ್ತಿಗೆ ಹಾಲಿಗೆ ತತ್ವಾರವಾದಾಗ ಹುಟ್ಟಿದ ಮೊಟ್ಟೆ ಕಾಫಿ ಆ ಊರಿನ ಹೆಮ್ಮೆ. ನೀನು ಮೊಟ್ಟೆ ತಿನ್ನದಿದ್ದರೆ ಫಿನ್ ಕಾಫಿ ಕುಡಿ. ಲೋಟದ ಮೇಲೇ ಒಂದು ಪುಟ್ಟ ಫಿಲ್ಟರ್ ಕೂರಿಸಿ ತಂದಿಡುತ್ತಾರೆ. ತಳದಲ್ಲಿ ಗಟ್ಟಿ ಸಿಹಿ ಹಾಲು, ಮೇಲಿಂದ ರೊಬಸ್ಟಾ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅವಸರ ಮಾಡಿದರೂ ಅದು ಬೇಗ ಇಳಿಯದು. ರಸ್ತೆ ದಾಟಿದ ಮೇಲೆ ನಾವು ಹಾಗೇ ಕೂತಿದ್ದೆವು. ಮೂರನೇ ಸಾಲಿನ ಆಮೆಗೆ ಮೂಗು ಚಪ್ಪಟೆ, ನಮ್ಮ ಹೆಡ್‌ಮಾಸ್ಟರ್ ಥರ ಅಂತ ಅವಳು ಶುರು ಮಾಡಿದಳು. ಎರಡನೇ ಲೋಟ ತರಿಸಿದೆವು. ಅವತ್ತಿನ ದಿನದಲ್ಲಿ ನನಗೆ ಪೂರ್ತಿಯಾಗಿ ಉಳಿದಿರುವುದು ಆ ಒಂದು ಗಂಟೆ.

ಈಗ ಅವಳು ಮನೆ ಮೆಟ್ಟಿಲೂ ಇಳಿಯುವ ಹಾಗಿಲ್ಲ. ಟಿಕೆಟ್ಟು, ಹೋಟೆಲು ಎಲ್ಲ ಆಯಿತಂತಲ್ಲ. ನಿನ್ನ ಗೆಳತಿಗೆ ಯಾವ ಜಾಗ ನೋಡುವ ಆಸೆ ಇದೆ ಅಂತ ಇವತ್ತು ರಾತ್ರಿಯೇ ಫೋನ್ ಮಾಡಿ ಕೇಳು. ವಾನ್ ಮಿಯೆವ್‌ಗೆ ಹೋದರೆ ಆ ಚಪ್ಪಟೆ ಮೂಗಿನ ಆಮೆಯ ಫೋಟೋ ತಾ. ನನ್ನ ಗೆಳತಿಗೆ ಕೊಡಬೇಕು.